ನಡುವಿನ ರಾಟೆ

ದೋಣಿಮನೆ,
ಮಂಗಳವಾರ ಸಂಜೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲಿನ ಬಾವು ಇಳಿಯಿತೇ? ಆಸ್ಪತ್ರೆಯ ಸಪ್ಪೆ ಊಟಕ್ಕೆ ಮುಖ ಸಿಂಡರಿಸುತ್ತೀಯಂತೆ, ನರ್ಸುಗಳ ಮೇಲೆ ಹಾರಾಡುತ್ತೀಯಂತೆ. ಕುಂಟನಿಗೆ ಎಂಟು ಚೇಷ್ಟೆ ಎಂದು ಸುಮ್ಮನೆ ಹೇಳುತ್ತಾರೆಯೇ! ಕೋಪಿಸಿಕೊಳ್ಳಬೇಡ, ತಮಾಷೆಗೆ ಬರೆದೆ. ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮ ನಿನ್ನ ಕೋಣೆಯ ಕಿಟಕಿಯನ್ನು ದಿನಾ ತೆರೆದಿಡುತ್ತಾಳೆ, ನಾನು ಹೋಗಿ ಮುಚ್ಚುತ್ತೇನೆ. ಸುಮ್ಮನೆ ಧೂಳು ಬರುತ್ತದೆ.

ದೋಣಿಯ ವಿಷಯ ಯಾರೂ ಬರೆಯುವುದಿಲ್ಲ ಎಂದು ದೂರಿದ್ದೀಯಲ್ಲ, ತಗೋ. ಗಾಡಿಯಿಂದ ಇಳಿಸುವಾಗ ಜಾರಿ ನಿನ್ನ ಮೊಣಕಾಲಿನ ಮೇಲೆ ಕೂತಿತಲ್ಲ, ಅದಕ್ಕೆ ಒಂದು ಗೀರೂ ಆಗಿಲ್ಲ. ಆದರೆ ಹಾಯಿ ಎಳೆಯುವ ಹಗ್ಗ ಸವೆದಿತ್ತು, ರಾಟೆಗಳು ತುಕ್ಕು ಹಿಡಿದಿದ್ದವು. ಹೇಗೂ ಹೊಸದು ಹಾಕಬೇಕು, ಪಂದ್ಯಕ್ಕೆ ಮೊದಲು ಹಗ್ಗದ ದಾರಿಯನ್ನೇ ಬದಲಿಸಿದರೆ ಹೇಗೆ ಎಂದು ಯೋಚಿಸಿದೆ. ಅಪ್ಪ ಕಟ್ಟಿಕೊಟ್ಟ ಹಾಗೆ ಹಗ್ಗ ಹಿಂತುದಿಯಿಂದಲೇ ಬಂದರೆ ದೋಣಿಯ ನಡುವೆ ಜಾಗ ಖಾಲಿ ಇರುತ್ತದೆ, ನಿಜ. ಆದರೆ ತಿರುಗಿಸುವಾಗಲೆಲ್ಲ ಹಿಂದಕ್ಕೆ ಮುಖ ಮಾಡಬೇಕು, ಎದುರಿನ ಗಾಳಿ ಕಾಣುವುದಿಲ್ಲ, ಸಡಿಲ ಹಗ್ಗ ಹಿಂದಿನ ಮೂಲೆಗೆ ಸಿಕ್ಕಿಕೊಂಡು ಪ್ರಾಣ ತಿನ್ನುತ್ತದೆ. ಅದೇ ಹಗ್ಗವನ್ನು ನಡುವೆ, ದೋಣಿಯ ತಳಕ್ಕೆ ಬಿಗಿದ ರಾಟೆಯಿಂದ ತಂದರೆ ಕಣ್ಣು ಸದಾ ಮುಂದೆ. ಒಂದೇ ತೊಂದರೆ, ಪಕ್ಕ ಬದಲಿಸುವಾಗ ಚುಕ್ಕಾಣಿ ಹಿಡಿದವರು ಮೊಣಕಾಲು ಪೂರ್ತಿ ಮಡಚಿ, ರಾಟೆಯನ್ನು ಬಳಸಿಕೊಂಡು, ಕಪ್ಪೆಯ ಹಾಗೆ ದಾಟಬೇಕು. ನನಗೆ ಅದೇನೂ ಕಷ್ಟವಿಲ್ಲ.

ನಡುವಿನದನ್ನೇ ಹಾಕಿಸಿದೆ. ಹಿಂದಿನ ರಾಟೆಗಳಿದ್ದ ಹಲಗೆಯನ್ನು ಬಡಗಿ ಮಾಮನ ಕೈಯಲ್ಲಿ ಕೊಯ್ಯಿಸಿ ತೆಗೆಸಿಬಿಟ್ಟೆ, ಅಷ್ಟು ತೂಕ ಇಳಿಯಿತು. ‘ಕೊಯ್ದ ಮೇಲೆ ಮತ್ತೆ ಮೊದಲಿನ ಹಾಗೆ ಮಾಡೋಕಾಗಲ್ಲ ಕಣಮ್ಮ, ಅಣ್ಣನ್ನ ಕೇಳಿದ್ಯಾ?’ ಎಂದರು. ದೋಣಿ ಇಬ್ಬರ ಹೆಸರಿನಲ್ಲಿದೆ ಮಾಮ, ಇವತ್ತು ಇಲ್ಲಿರುವವಳು ನಾನು ಎಂದೆ.

ತೂಕ ಎಂದ ಕೂಡಲೇ ನೆನಪಾಯಿತು. ಇಷ್ಟು ವರ್ಷ ಮುಂದೆ ಕೂತು, ನೀನು ‘ಆ ಕಡೆ’ ಎಂದರೆ ಆ ಕಡೆ, ‘ಈ ಕಡೆ’ ಎಂದರೆ ಈ ಕಡೆ ಬಾಗಿದವಳು ನಾನು. ಚುಕ್ಕಾಣಿ ಒಮ್ಮೆ ಕೊಡು ಎಂದರೆ ನೀನು ‘ಮುಂದಿನ ಸಲ’ ಎನ್ನುತ್ತಿದ್ದೆ. ಬಹುಮಾನದ ದಿನ ಯಾರೋ ನಿನ್ನನ್ನು ಜೊತೆಗಾರ ಯಾರು ಎಂದು ಕೇಳಿದರೆ, ‘ಜೊತೆಗಾರ ಎಲ್ಲಿ? ಇವಳು ಮರಳಿನ ಚೀಲ. ಚೀಲ ಆದ್ರೆ ಮಾತಾಡಲ್ಲ, ಅಷ್ಟೇ ವ್ಯತ್ಯಾಸ’ ಎಂದೆ ನೀನು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಅವತ್ತು ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಆರಿಲ್ಲ ಅಣ್ಣಾ, ಆರಿಸುವ ಮನಸ್ಸೂ ನನಗಿಲ್ಲ.

ಭಾನುವಾರ ಮೊದಲ ಸಲ ನೀರಿಗಿಳಿಸಿದೆ. ಪಕ್ಕದ ಮನೆಯ ಹುಡುಗಿ ಮುಂದೆ ಕೂತಿದ್ದಳು. ಅವಳನ್ನು ಹೆಸರು ಹಿಡಿದೇ ಕರೆಯುತ್ತೇನೆ. ಗಾಳಿ ಜೋರಾಗಿತ್ತು, ಹಗ್ಗ ಬೆಣ್ಣೆಯ ಹಾಗೆ ಓಡಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ದಡಕ್ಕೆ ಬರುವವರೆಗೂ ನಿನ್ನ ನೆನಪೇ ಆಗಲಿಲ್ಲ.

ಔಷಧಿ ತಪ್ಪಿಸಬೇಡ, ಊಟ ಬಿಡಬೇಡ. ಆ ಪಾಪದ ನರ್ಸುಗಳಿಗೆ ನನ್ನ ನಮಸ್ಕಾರ ಹೇಳು. ಅಮ್ಮ ತುಂಬು ಮನಸ್ಸಿನಿಂದ ಹರಸಿದ್ದಾಳೆ.

ನಿನ್ನ ತಂಗಿ,
ಮರಳಿನ ಚೀಲ

ಮರೆತೆ ನೋಡು: ‘ಪಂದ್ಯದ ಹೊತ್ತಿಗೆ ಬಂದು ಚುಕ್ಕಾಣಿ ಹಿಡೀತೀನಿ’ ಎಂದು ಬರೆದಿದ್ದೀಯ. ನಿನ್ನ ಮೊಣಕಾಲು ಇನ್ನು ಮಡಚುವುದಿಲ್ಲವಂತೆ, ಯಾವತ್ತೂ. ಡಾಕ್ಟರು ಅಮ್ಮನಿಗೆ ಹೇಳಿದ್ದಾರೆ. ನಿನಗೆ ಗೊತ್ತಾಗಬಾರದೆಂದು ಅವಳು ಎಲ್ಲರ ಬಾಯಿ ಕಟ್ಟಿದ್ದಾಳೆ, ನನ್ನದು ಬಿಟ್ಟು. ಬಡಗಿ ಮಾಮನಿಗೆ ವಿಷಯ ತಿಳಿಸಿದಾಗ, ‘ಹಾಗಾದ್ರೆ ಹಗ್ಗ ಹಿಂದೇನೇ ಇರಲಿ ಬಿಡಮ್ಮ. ನಡು ಖಾಲಿ ಇದ್ರೆ ಕಾಲು ಚಾಚ್ಕೊಂಡೇ ಜಾರ್ಕೊಂಡು ಪಕ್ಕ ಬದಲಿಸ್ತಾನೆ. ಅವನು ಚುಕ್ಕಾಣಿ ಬಿಡ್ಬೇಕಾಗೇನಿಲ್ಲ’ ಎಂದರು. ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸಿದೆ ಅಣ್ಣಾ. ಮರುದಿನ ಬರುವಾಗ ಗರಗಸ ತರಲು ಹೇಳಿದೆ.