ಮುಂದಿನ ಚಕ್ರ ಸಿಕ್ಕಿತು

ಮಗನೇ,

ನನ್ನ ಸೈಕಲ್ಲಿನ ಮುಂದಿನ ಚಕ್ರ ಅಟ್ಟದ ಮೇಲೆ, ಹಳೇ ಹಾಸಿಗೆಯ ಹಿಂದೆ ಸಿಕ್ಕಿತು. ಬಚ್ಚಿಡುವುದಕ್ಕೂ ನಿನಗೆ ನೆಟ್ಟಗೆ ಬರುವುದಿಲ್ಲ. ಅದನ್ನು ನಾನೇ ಕೂರಿಸಿ, ಗಾಳಿ ತುಂಬಿಕೊಂಡು ಹೊರಟಿದ್ದೇನೆ.

ಮೊಣಕಾಲಿನ ಆಪರೇಷನ್ ಆದದ್ದು ನನಗೆ. ಇನ್ನು ಸೈಕಲ್ ತುಳಿಯಬಹುದು ಅಂತ ಡಾಕ್ಟರು ನಿನ್ನೆದುರಿಗೇ ಹೇಳಿದರು. ಆದರೂ ನೀನು ಚಕ್ರ ಬಿಚ್ಚಿಟ್ಟೆ. ಅದನ್ನಾದರೂ ನಿನ್ನ ಹೆದರಿಕೆ ಅಂದುಕೊಂಡು ನುಂಗಿಕೊಳ್ಳುತ್ತಿದ್ದೆ. ಆದರೆ ದೊಡ್ಡಮ್ಮನಿಗೆ ಫೋನ್ ಮಾಡಿ, "ಅಮ್ಮನಿಗೆ ಇನ್ಮೇಲೆ ಬರೋಕೆ ಮನಸ್ಸಿಲ್ಲ, ನೀವೂ ಕಾಯಬೇಡಿ" ಅಂದೆಯಲ್ಲ, ಆ ಅಧಿಕಾರ ನಿನಗೆ ಕೊಟ್ಟವರು ಯಾರು? ನಿನ್ನೆ ಅವಳು ಫೋನಿನಲ್ಲಿ ಅಳುತ್ತಾ, "ನನ್ನ ಮೇಲೆ ಏನಾದ್ರೂ ಕೋಪಾನೇನೇ?" ಅಂತ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಅಕ್ಕ ಮದುವೆಯಾಗಿ ಗಡಿಯಾಚೆಗೆ ಹೋದಾಗಿನಿಂದ, ಆ ಕಡೆಯ ಏರು ಹತ್ತಿ ಅವಳು, ಈ ಕಡೆಯ ಏರು ಹತ್ತಿ ನಾನು, ಗುಡ್ಡದ ನೆತ್ತಿಯ ಗಡಿ ಗೇಟಿನ ಹತ್ತಿರ ಸೇರುತ್ತಾ ಬಂದಿದ್ದೇವೆ. ಆಗ ನೀನಿನ್ನೂ ಹುಟ್ಟಿರಲಿಲ್ಲ. ಲಾರಿ ಓಡಾಡುವ ರಸ್ತೆಯೇ ಅದು? ಮೇಯುವ ಕುರಿಗಳನ್ನು ಬಿಟ್ಟರೆ ನರಪಿಳ್ಳೆಯೂ ಇರುವುದಿಲ್ಲ. ಏರು ಕಷ್ಟವಾದರೆ ಇಳಿದು ತಳ್ಳುತ್ತೇನೆ.

ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು. ಕೋಪ ಬಂದಿದೆ ಅಂತ ಮಗನನ್ನು ಉಪವಾಸ ಕೆಡವುವವಳಲ್ಲ ನಾನು. ಮಳೆ ಬಂದರೆ ಬಟ್ಟೆ ಒಳಗೆ ಹಾಕು.

ಕಾರು ತೆಗೆದುಕೊಂಡು ಹಿಂದೆ ಬಂದೀಯ, ಜೋಕೆ! ಬರಲೇಬೇಕು ಅನ್ನಿಸಿದರೆ ನಿನ್ನ ಸೈಕಲ್ ಹತ್ತಿ ಬಾ. ದೊಡ್ಡಮ್ಮನ ಎದುರು ನಿಂತು, ಬರುವುದಿಲ್ಲ ಅಂದದ್ದು ಯಾರು ಅಂತ ನಿನ್ನ ಬಾಯಿಂದಲೇ ಹೇಳು.

ಅಮ್ಮ