ಎಡದ ಅಂಚು

ಮಾರ್ಚ್ 4, ಬೆಳಿಗ್ಗೆ 9

ಹಳೆಯ ಪತ್ರಿಕೆಯ ಹಾಳೆ ಹದಿನಾರು ಅಂಟಿಸಿದ್ದಾಯಿತು. ಹಿತ್ತಲ ಗೋಡೆ ಪೂರ್ತಿ. ಮೂಲೆಗಳಿಗೆ ಸಣ್ಣ ಅಕ್ಷರದ ಜಾಹೀರಾತು ಪುಟ. ಲೆನ್ಸಿನ ಬಣ್ಣ ಬಯಲಾಗುವುದೇ ಮೂಲೆಯಲ್ಲಿ. ಟ್ರೈಪಾಡ್ ಎರಡೂವರೆ ಮೀಟರ್ ದೂರ. ಟೇಪ್ ಹಿಡಿದು ಅಳೆದಿದ್ದೇನೆ, ಅಂದಾಜಲ್ಲ.

ನನ್ನ ಹೆಂಡತಿ ಕಿಟಕಿಯಿಂದ ಇಣುಕಿ, "ಗೋಡೆಗೂ ಪೇಪರ್ ಓದೋಕೆ ಕೊಟ್ರಾ?" ಎಂದಳು.

ಲೆನ್ಸ್ ಎರಡು. ಎರಡೂ ಇಪ್ಪತ್ತೆಂಟು ಎಂಎಂ ವೈಡ್, ಎರಡೂ ರೇಂಜ್‌ಫೈಂಡರ್ ಕ್ಯಾಮೆರಾದವು. ಒಂದು ನನ್ನದು. ಇನ್ನೊಂದು ಉದ್ದಣ್ಣನದು, ಪತ್ರಿಕೆಯಲ್ಲಿ ನನ್ನ ಜೊತೆಗಿದ್ದ ಫೋಟೋಗ್ರಾಫರ್. ಹೋದ ವರ್ಷ ತೀರಿಕೊಂಡ. ಮೂವತ್ತೊಂದು ವರ್ಷದಿಂದ ಮಾತು ಬಿಟ್ಟಿದ್ದೆ. ಮುಖ ನೋಡಲೂ ಹೋಗಲಿಲ್ಲ.

ಅವನ ಹೆಂಡತಿ (ಅತ್ತಿಗೆ ಎಂದೇ ಕರೆದು ಅಭ್ಯಾಸ) ಭಾನುವಾರ ತಾವೇ ಬಂದರು. ಶೂ ಡಬ್ಬಿಯಲ್ಲಿ ಅವನ ಲೆನ್ಸ್. ಕವರಿನಲ್ಲಿ ಒಂದೇ ಒಂದು ನೆಗೆಟಿವ್, ಮಿಲ್ಲಿನ ಗೇಟಿನದು. ಮುಂದಿನ ತಿಂಗಳು ಲೈಬ್ರರಿ ಹಾಲಿನಲ್ಲಿ ಅವನ ಫೋಟೋಗಳ ಪ್ರದರ್ಶನವಂತೆ.

"ಗೇಟಿನ ಫೋಟೋ ನಿಮ್ದು ಅಂತ ನೀವು. ತಮ್ದೇ ಇರಬೇಕು ಅಂತ ಅವ್ರು. ಲೆನ್ಸ್ ನೋಡಿದ್ರೆ ಗೊತ್ತಾಗುತ್ತೆ ಅಂತಾರಲ್ಲ... ನೀವೇ ನೋಡಿ ಹೇಳಿಬಿಡಿ."

ಹೇಳುತ್ತೇನೆ. ಸಾಕ್ಷಿ ಸಮೇತ.

ಮಾರ್ಚ್ 4, ಸಂಜೆ

ಎರಡು ರೋಲ್ ಮುಗಿಯಿತು. ಕ್ಯಾಮೆರಾ ಅಲುಗದಂತೆ ಶಟರಿಗೆ ಕೇಬಲ್ ಹಾಕಿಯೇ ಒತ್ತಿದೆ. ಲೆನ್ಸ್ ಕಿಂಡಿಯ ಪ್ರತಿ ಅಳತೆಗೂ, ಪ್ರತಿ ಅಪರ್ಚರಿಗೂ, ಮೂರು ಮೂರು.

ಆ ದಿನ ಮಿಲ್ಲಿಗೆ ಬೀಗ ಬಿದ್ದಿತ್ತು. ನಾವಿಬ್ಬರೂ ಒಂದೇ ಪತ್ರಿಕೆ, ಒಂದೇ ಮಾಡೆಲ್ ಕ್ಯಾಮೆರಾ, ಒಂದೇ ಡಬ್ಬಿಯಿಂದ ಸುತ್ತಿಕೊಂಡ ಫಿಲ್ಮ್. ಗೇಟಿನ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೆವು. ಮುದುಕನೊಬ್ಬ ಬಂದ. ಮುಚ್ಚಿದ ಗೇಟಿನ ಕಂಬಿಗಳ ನಡುವಿನಿಂದ ತನ್ನ ಹಾಜರಿ ಕಾರ್ಡನ್ನು ಕಾವಲುಗಾರನಿಗೆ ಚಾಚಿದ. ಒತ್ತಿದೆ. ಉದ್ದಣ್ಣನೂ ಒತ್ತಿದ. ಆಫೀಸಿನಲ್ಲಿ ಎರಡೂ ರೋಲ್ ಒಟ್ಟಿಗೆ ತೊಳೆದರು, ತುಂಡು ಮಾಡಿ ಒಂದೇ ತಂತಿಗೆ ನೇತುಹಾಕಿದರು. ಸಂಪಾದಕರು ಒಂದು ಫ್ರೇಮ್ ಕತ್ತರಿಸಿಕೊಂಡರು. ಮಿಕ್ಕಿದ್ದು ಕಸದ ಬುಟ್ಟಿಗೆ. ಮರುದಿನ ಮುಖಪುಟ. ಕೆಳಗೆ ಅವನ ಹೆಸರು.

"ಅದು ನಂದು ಕಣೋ" ಎಂದೆ.

"ನಂದೇ ಇರಬೇಕು ಬಿಡೋ. ಒಂದು ಫೋಟೋಗೆ ಯಾಕೆ ಹೀಗಾಡ್ತೀಯ?" ಎಂದು ನಕ್ಕ.

ಆ ನಗೆ.

ಅದರಿಂದ ಅವನಿಗೆ ಪ್ರಶಸ್ತಿ, ದೊಡ್ಡ ಪತ್ರಿಕೆಯ ಕೆಲಸ, ದೇಶ ದೇಶ ತಿರುಗಾಟ. ನನಗೆ ಉದ್ಘಾಟನೆಗಳು. ನಿವೃತ್ತಿಯವರೆಗೂ ರಿಬ್ಬನ್ ಕತ್ತರಿಸುವ ಕೈಗಳ ಫೋಟೋ ತೆಗೆದೆ.

ಮಾರ್ಚ್ 6, ಮಧ್ಯಾಹ್ನ

ಬಚ್ಚಲಮನೆಯಲ್ಲಿ ಫಿಲ್ಮ್ ತೊಳೆದೆ. ಕೆಮಿಕಲ್ ವಾಸನೆಗೆ ಇವಳು ಮೂಗು ಮುಚ್ಚಿಕೊಂಡು ತಂಗಿಯ ಮನೆಗೆ ಹೋದಳು. ಒಳ್ಳೆಯದೇ ಆಯಿತು.

ನನ್ನ ಲೆನ್ಸ್: ಹಳೆಯ ಕಾಲದ್ದು. ಕಾಂಟ್ರಾಸ್ಟ್ ಕಡಿಮೆ. ಇಡೀ ಚಿತ್ರಕ್ಕೆ ತೆಳುವಾಗಿ ಬೂದಿ ಉದುರಿಸಿದ ಹಾಗೆ. ಆದರೆ ಭೂತಗನ್ನಡಿ ಇಟ್ಟರೆ ಜಾಹೀರಾತಿನ ಫೋನ್ ನಂಬರು ನಾಲ್ಕೂ ಮೂಲೆಯಲ್ಲಿ ಓದಬಹುದು. ಬಡಪಾಯಿ, ಪ್ರಾಮಾಣಿಕ.

ಅವನದು: ಕಪ್ಪು ಕಪ್ಪೇ, ಬಿಳಿ ಬಿಳಿಯೇ. ಮೊದಲ ನೋಟಕ್ಕೆ ಇದೇ ಚೂಪು ಅನ್ನಿಸುತ್ತದೆ. ಕಾಂಟ್ರಾಸ್ಟ್ ಮಾಡುವ ಮೋಸವೇ ಅದು. ನಡುವೆ ನಿಜಕ್ಕೂ ಚೂಪು, ಬಲಗಡೆಯೂ ಪರವಾಗಿಲ್ಲ. ಎಡದ ಅಂಚಿಗೆ ಬಂದರೆ ಅಕ್ಷರವೆಲ್ಲ ಕಲಸಿಹೋಗಿದೆ, ಒದ್ದೆ ಬೆರಳಿನಿಂದ ಒರೆಸಿದ ಹಾಗೆ. ಒಳಗಿನ ಗಾಜು ಜರುಗಿದೆ. ಅಪರ್ಚರ್ ಎಂಟಕ್ಕೆ ಇಳಿಸಿದರೂ ಪೂರ್ತಿ ಸರಿಹೋಗುವುದಿಲ್ಲ.

ಮನುಷ್ಯನೂ ಹಾಗೇ ಇದ್ದ. ದೂರದಿಂದ ನೋಡಿದವರಿಗೆ ಭಾರಿ. ಇದನ್ನು ಬರೆದು ಖುಷಿಯಾಯಿತು.

ಗೇಟಿನ ನೆಗೆಟಿವ್ ನಾಳೆ. ಅವಸರವಿಲ್ಲ. ಇಷ್ಟು ವರ್ಷ ಕಾದಿದ್ದೇನೆ.

ಮಾರ್ಚ್ 7, ಬೆಳಿಗ್ಗೆ 11

ಲೈಟ್ ಬಾಕ್ಸಿನ ಮೇಲೆ ಇಟ್ಟೆ.

ಮುದುಕನ ಉಗುರು ಕಾಣುತ್ತದೆ. ಬಲಗಡೆ ಗೇಟಿನ ಮೊಳೆಗಳನ್ನು ಎಣಿಸಬಹುದು. ಎಡಗಡೆ ಮಿಲ್ಲಿನ ನೋಟಿಸ್ ಬೋರ್ಡು. ಅಕ್ಷರ ಕಲಸಿದೆ.

ಭೂತಗನ್ನಡಿ ಒರೆಸಿದೆ. ಕನ್ನಡಕ ಒರೆಸಿದೆ. ಕಲಸಿದೆ.

ಮಾರ್ಚ್ 8

ಬೋರ್ಡು ಗೇಟಿಗಿಂತ ಹಿಂದೆ ಇದ್ದಿರಬಹುದು. ಇಲ್ಲ. ಗೇಟಿನ ಕಂಬಕ್ಕೇ ಕಟ್ಟಿತ್ತು, ಹಗ್ಗ ಕಾಣುತ್ತದೆ. ಕೈ ಅಲುಗಿರಬಹುದು. ಅಲುಗಿದ್ದರೆ ಬಲಗಡೆಯೂ ಅಲುಗಬೇಕಿತ್ತು. ತೊಳೆಯುವಾಗ ಕಲೆಯಾಗಿರಬಹುದು. ಹಾಗೂ ಅಲ್ಲ.

ಇನ್ನೊಂದು ರೋಲ್ ಹಾಕಿದೆ. ಈ ಸಲ ನನ್ನ ಲೆನ್ಸನ್ನು ಎಡಕ್ಕೆ ವಾಲಿಸಿ, ಬೇಕೆಂದೇ ಫೋಕಸ್ ತಪ್ಪಿಸಿ. ಆ ಥರ ಕಲಸುವುದೇ ಇಲ್ಲ ಅದು. ಏನು ಮಾಡಿದರೂ ಬೂದು ಬೂದು, ನಿಯತ್ತು ನಿಯತ್ತು. ಹಾಳಾದ್ದು.

ಮಾರ್ಚ್ 10, ಊಟದ ಹೊತ್ತು

ಒಂದು ದಾರಿ ಉಳಿದಿತ್ತು. ಅವನ ಲೆನ್ಸ್ ಹಾಳಾದದ್ದು ಆ ಫೋಟೋ ಆದಮೇಲೆ ಎಂದಾದರೆ? ತಂಗಿಯ ಮನೆಯಿಂದ ಬಂದ ಇವಳನ್ನು ಕೇಳಿದೆ. ಉದ್ದಣ್ಣನ ಲೆನ್ಸ್ ಎಂದಾದರೂ ಬಿದ್ದದ್ದು ನೆನಪಿದೆಯಾ?

"ನಿಮಗೆ ನೆನಪಿಲ್ವಾ? ನಮ್ಮ ಪುಟ್ಟಿನೇ ಅಲ್ವಾ ಬೀಳಿಸಿದ್ದು! ಒಂದನೇ ಕ್ಲಾಸಲ್ಲಿದ್ಳು. ಅವರ ಮನೆ ಮೆಟ್ಟಿಲ ಮೇಲೆ ದಡದಡ ಅಂತ ಉರುಳಿತು. ನೀವು ಹೊಡೆಯೋಕೆ ಕೈ ಎತ್ತಿದ್ರಿ. ಅವ್ರು ಅಡ್ಡ ಬಂದು ಮಗೂನ ಎತ್ಕೊಂಡ್ರು. ಲೆನ್ಸಿಗೆ ಏನೂ ಆಗಿಲ್ಲ, ಕಲ್ಲಿದ್ದ ಹಾಗಿದೆ ಅಂದ್ರು."

ಪುಟ್ಟಿಗೆ ಈಗ ನಲವತ್ತೆರಡು. ಲೆಕ್ಕ ಹಾಕಲು ಬೆರಳು ಬೇಕಾಗಲಿಲ್ಲ. ಗೇಟಿನ ಫೋಟೋಗೆ ಐದು ವರ್ಷ ಮೊದಲು.

ಏನೂ ಆಗಿಲ್ಲ ಎಂದಿದ್ದ. ಆಗಿತ್ತು. ಯಾರಿಗೂ ಹೇಳದೆ ಆ ಸೊಟ್ಟ ಗಾಜಿನಲ್ಲೇ ಫೋಟೋ ತೆಗೆದ.

ಫೋಟೋ ಅವನದು. ಬರೆದಾಯಿತು. ಇನ್ನೊಂದು ಸಲ ಬರೆಯುವುದಿಲ್ಲ.

ಅನ್ನ ಆರಿಹೋಯಿತು.

ಮಾರ್ಚ್ 15, ಸಂಜೆ 5

ಅತ್ತಿಗೆಗೆ ಫೋನ್ ಮಾಡಿದೆ. ಹೇಳಿಬಿಡಲೆಂದೇ ಮಾಡಿದ್ದು. ನಾನು ಬಾಯಿ ಬಿಡುವ ಮುಂಚೆ ಅವರೇ ಶುರು ಮಾಡಿದರು.

"ಒಂದು ವಿಷಯ ನಿಮಗೆ ಹೇಳಿರಲಿಲ್ಲ. ಆಸ್ಪತ್ರೇಲಿದ್ದಾಗ ಅವ್ರು ಅಂದಿದ್ರು, ಗೇಟಿನ ಫೋಟೋಗೆ ಅವನ ಹೆಸರೇ ಹಾಕಿಬಿಡು ಅಂತ. ನನಗೆ ಸಾವಿರ ಇವೆ, ಅವನಿಗೆ ಅದೊಂದೇ ಅಲ್ವಾ ಅಂದ್ರು."

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. ಅವರು ನಿಲ್ಲಿಸಲಿಲ್ಲ.

"ಹೆಸರು ನಿಮ್ದೇ ಹಾಕಿಸ್ತೀನಿ, ಅದರಲ್ಲಿ ಎರಡು ಮಾತಿಲ್ಲ. ಪರೀಕ್ಷೆ ಮಾಡಿ ಅಂದದ್ದು ನನಗೋಸ್ಕರ. ನಲವತ್ತು ವರ್ಷ ಜೊತೇಲಿ ಬಾಳಿದ್ದು ಕಳ್ಳನ ಜೊತೇನಾ ಅಂತ ನನಗೊಬ್ಬಳಿಗೆ ಗೊತ್ತಾಗಬೇಕು. ಗೊತ್ತಾಯ್ತಾ?"

"ಇನ್ನೂ ನೋಡ್ತಿದ್ದೀನಿ ಅತ್ತಿಗೆ."

ಫೋನ್ ಇಟ್ಟುಬಿಟ್ಟೆ.

ಅವನಿಗೆ ಅದೊಂದೇ. ಸಾಯುವಾಗಲೂ ಭಿಕ್ಷೆ ಹಾಕಿ ಹೋದ. ನನ್ನ ಇಡೀ ಬಾಳನ್ನು ಒಂದು ಸಾಲಿನಲ್ಲಿ ಅಳೆದು ಬಿಸಾಡಿ. ಹೋಗಲಿ, ಕಳ್ಳನೆಂದೇ ಅನ್ನಿಸಿಕೊಳ್ಳಲಿ. ಸತ್ತವನಿಗೇನು.

ಏಪ್ರಿಲ್ 12, ಸಂಜೆ

ಪ್ರದರ್ಶನ ಶುರುವಾಯಿತು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ. ಇವಳೂ ಬಂದಳು.

ಬಾಗಿಲಿಗೆ ಎದುರಾಗಿ ಗೇಟು. ಆಳೆತ್ತರ. ಕೆಳಗೆ ನನ್ನ ಹೆಸರು. ಅಕ್ಷರ ದಪ್ಪಗಿದೆ, ಚೆನ್ನಾಗಿದೆ. ಹಳೆಯ ಆಫೀಸಿನವರು ಬೆನ್ನು ತಟ್ಟಿದರು. "ಕೊನೆಗೂ ನ್ಯಾಯ ಸಿಕ್ತಲ್ಲ" ಎಂದ ಒಬ್ಬ. ತಲೆಯಾಡಿಸಿದೆ. ಎಡದ ಅಂಚು ಆ ಸೈಜಿನಲ್ಲಿ ಕಣ್ಣಿಗೆ ರಾಚುತ್ತಿತ್ತು. ಯಾರೂ ನೋಡಲಿಲ್ಲ. ಜನ ಮುಖ ನೋಡುತ್ತಾರೆ, ಅಂಚು ಯಾರಿಗೆ ಬೇಕು.

ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಹತ್ತಿರ ಬಂದರು. ಬಟ್ಟೆ ಹೊಲಿಯುವ ಕೆಲಸವಂತೆ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು.

"ಇದು ನೀವೇ ತೆಗೆದದ್ದಾ? ಅದು ನಮ್ಮಪ್ಪ. ಅವರದು ಬೇರೆ ಫೋಟೋನೇ ಇಲ್ಲ ನಮ್ಮ ಹತ್ರ."

"ಹೌದಮ್ಮ" ಎಂದೆ. ಎಷ್ಟು ಸಲೀಸಾಗಿ ಬಂತು.

"ಆಗ ಅಪ್ಪ ಏನಾದ್ರೂ ಮಾತಾಡಿದ್ರಾ? ಮನೆಗೆ ಬಂದು ಏನೂ ಹೇಳಲಿಲ್ಲ. ಎರಡೇ ತಿಂಗಳಿಗೆ ಹೋಗಿಬಿಟ್ರು."

ಏನೂ ಕೇಳಿದ ನೆನಪಿಲ್ಲ ನನಗೆ. ಅವತ್ತು ನಾನು ಮುದುಕನನ್ನು ನೋಡುತ್ತಲೇ ಇರಲಿಲ್ಲ, ಉದ್ದಣ್ಣ ಯಾವ ಕಡೆ ಕ್ಯಾಮೆರಾ ತಿರುಗಿಸುತ್ತಾನೆ ಎಂದು ನೋಡುತ್ತಿದ್ದೆ. ಆದರೂ ಹೇಳಿದೆ. "ನಾನು ಹೊತ್ತಿಗೆ ಸರಿಯಾಗಿ ಬಂದಿದ್ದೀನಿ, ಬರ್ಕೊಳ್ಳಿ ಅಂದ್ರು" ಎಂದೆ.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡರು.

ತಿರುಗಿದರೆ ಹಿಂದೆ ಅತ್ತಿಗೆ. ಎಲ್ಲ ಕೇಳಿಸಿಕೊಂಡಿದ್ದರು.

"ಹಾಗಾದ್ರೆ ನಿಮ್ದೇ" ಎಂದರು. ಅಷ್ಟೇ. ಹೋಗಿ ಮೂಲೆಯ ಕುರ್ಚಿಯಲ್ಲಿ ಕುಳಿತರು. ಗಂಡನ ಫೋಟೋಗಳ ಕಡೆಗೆ ಬೆನ್ನು ಮಾಡಿ.

ಏಪ್ರಿಲ್ 13

ಏನೂ ಬರೆಯಲಾರೆ.

ಏಪ್ರಿಲ್ 14, ಮಧ್ಯಾಹ್ನ

ಹೋಗಿ ಬಂದೆ. ಅತ್ತಿಗೆಯ ಮನೆಗೆ. ಟೆಸ್ಟ್ ಪ್ರಿಂಟುಗಳು, ನೆಗೆಟಿವ್, ಭೂತಗನ್ನಡಿ, ಎಲ್ಲ ತೆಗೆದುಕೊಂಡು. ಕುಳಿತುಕೊಳ್ಳುವ ಮುಂಚೆಯೇ ಹೇಳಿಬಿಟ್ಟೆ. ಫೋಟೋ ಅವನದು. ಮಾರ್ಚಿನಿಂದಲೇ ನನಗೆ ಗೊತ್ತು. ಆ ಹೆಂಗಸಿಗೆ ಹೇಳಿದ್ದು ಸುಳ್ಳು. ಮೂವತ್ತೊಂದು ವರ್ಷ ಹೇಳಿದ್ದೂ ಸುಳ್ಳು.

ಬೈಯುತ್ತಾರೆ ಅಂದುಕೊಂಡಿದ್ದೆ. ಹೊರಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಕಣ್ಣು ತುಂಬಿಕೊಂಡು, "ಅವ್ರ ಮಾನ ಉಳಿಸೋಕೆ ಇಷ್ಟು ದೂರ ಬಂದ್ರಾ? ದೊಡ್ಡ ಮನಸ್ಸು ನಿಮ್ದು" ಎಂದರು.

"ಅಲ್ಲ ಅತ್ತಿಗೆ. ನಿಜ ಹೇಳ್ತಿದ್ದೀನಿ. ಇಲ್ಲಿ ನೋಡಿ, ಎಡಗಡೆ."

"ಸಾಕು ಬಿಡಿ. ಅವ್ರು ಮಾಡಿದ್ದನ್ನ ನೀವು ಮುಚ್ಚಿಡಬೇಡಿ. ನಾನು ಒಪ್ಕೊಂಡಾಯ್ತು."

ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದೆ. ನನ್ನ ಲೆನ್ಸಿನದು, ಅವನ ಲೆನ್ಸಿನದು, ಗೇಟು. ಭೂತಗನ್ನಡಿಯನ್ನು ಅವರ ಕೈಗೆ ತುರುಕಿದೆ. ಬಗ್ಗಿ ನೋಡಿದರು. ನನ್ನ ಸಮಾಧಾನಕ್ಕೆ ನೋಡಿದ ಹಾಗಿತ್ತು.

"ನನಗೆ ಎಲ್ಲಾ ಒಂದೇ ಥರ ಕಾಣುತ್ತೆ."

"ಅಕ್ಷರ ನೋಡಿ ಅತ್ತಿಗೆ, ಕಲಸಿದೆ ನೋಡಿ, ಇಲ್ಲಿ" ಎಂದು ಬೆರಳಿಟ್ಟು ತೋರಿಸಿದೆ. ಮತ್ತೆ ತೋರಿಸಿದೆ. ದನಿ ಏರಿತು ನನ್ನದು. ಅವರು ಭೂತಗನ್ನಡಿಯನ್ನು ಮೆಲ್ಲಗೆ ಮಡಚಿ ನನ್ನ ಜೇಬಿಗೆ ಹಾಕಿ, ಚಿಕ್ಕ ಮಗುವಿಗೆ ಹೇಳುವ ಹಾಗೆ, "ನಿಮ್ದೇ ಅದು. ಒಂದು ಫೋಟೋಗೆ ಯಾಕೆ ಹೀಗಾಡ್ತೀರ?" ಎಂದರು.