ಆ ಸಂಜೆಯ ನೇರಳೆ

ಚಳ್ಳಕೆರೆ
5-1-1998

ಪ್ರೀತಿಯ ಅವ್ವನಿಗೆ ಕಾಂಚನಾಳ ನಮಸ್ಕಾರಗಳು.

ಇದನ್ನು ಪಕ್ಕದ ಮನೆ ಚಿಕ್ಕಕ್ಕನಿಂದ ಓದಿಸಿಕೋ. ನೇಕಾರ ಯತ್ತಪ್ಪ ಜಗಲಿ ಮೇಲೆ ಕೂತಿರುವಾಗಲೇ ಓದಿಸು. ನಿನ್ನ ಹೊಗಳಿಕೆ ಅವನ ಕಿವಿಗೂ ಬೀಳಬೇಕು.

ಮೊನ್ನೆ ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ಒಬ್ಬರು ಮೇಷ್ಟ್ರು ಜ್ವಾಲಾಮುಖಿಗಳ ಬಗ್ಗೆ ಹೇಳಿದರು. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಬೆಟ್ಟ ಸಿಡಿದು, ಅದರ ಗಂಧಕದ ಹೊಗೆ ಮೋಡಗಳಿಗಿಂತ ಮೇಲೇರಿ ಭೂಮಿಯನ್ನೇ ಸುತ್ತಿತಂತೆ. ಆ ತೆಳು ಪರದೆ ಬಿಸಿಲನ್ನು ತಡೆದು, ಮಾರನೆಯ ವರ್ಷ ಲೋಕವೆಲ್ಲ ಅರ್ಧ ಡಿಗ್ರಿಯಷ್ಟು ತಣ್ಣಗಾಯಿತಂತೆ. ಸೂರ್ಯ ಮುಳುಗಿ ಕಾಲು ಗಂಟೆಗೆ ಪಡುವಣದಲ್ಲಿ ನೇರಳೆ ಹರಡುತ್ತಿತ್ತಂತೆ. ಅಷ್ಟು ಕೇಳಿದ್ದೇ ನಾನು ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿದೆ.

ಆ ಬೆಟ್ಟ ಸಿಡಿದ ವರ್ಷದ ದೀಪಾವಳಿ ನೆನಪಿದೆಯೇ? ಯತ್ತಪ್ಪ ಸೆರಗಿನ ರೇಷ್ಮೆಯನ್ನು ನಿನ್ನ ಕೈಗೆ ಕೊಟ್ಟು, ಕುಂಕುಮದ ಕೆಂಪು ಬಣ್ಣ ಹಾಕಲು ಹೇಳಿದ್ದ. ನೀನು ರೂಢಿಯಂತೆ ಒದ್ದೆ ನೂಲಿನ ಲಡಿಯನ್ನು ಸಂಜೆಯ ಆಕಾಶಕ್ಕೆ ಹಿಡಿದು ಬಣ್ಣದ ಹದ ನೋಡಿದೆ. ಆಕಾಶ ನೇರಳೆಯಾಗಿತ್ತು, ಆ ಬೆಳಕಿಗೆ ಹದ ಕೂಡಿಸಹೋಗಿ ಲಡಿಯೂ ನೇರಳೆಯಾಯಿತು. ಮಾರನೆಯ ಸಂಜೆ ಅವನು ಬಂದು, "ಇದ್ಯಾವ ಬಣ್ಣ ಲಕ್ಷ್ಮಕ್ಕಾ, ಎಲ್ಲೈತೆ ಇಂಥದ್ದು?" ಎಂದ. "ಆಕಾಶದಾಗೈತೆ, ನೋಡು" ಎಂದೆ ನೀನು. ಅವನು ಆಕಾಶ ನೋಡಲಿಲ್ಲ, ಬಿಎಸ್ಸಿ ಓದಿದ ನನ್ನ ಮುಖ ನೋಡಿದ. ಆಕಾಶ ಎಂದಿನಂತೆಯೇ ಇದೆ, ಅವ್ವನ ಕಣ್ಣಿಗೆ ಪೊರೆ ಬಂದಿದೆ ಎಂದುಬಿಟ್ಟೆ ನಾನು. ಮರುದಿನ ನೀನು ಬಣ್ಣ ಹಾಕುವುದನ್ನೇ ಬಿಟ್ಟು, ಬಾನಿ ಕವುಚಿ ಹಾಕಿ ನೂಲು ಸುತ್ತಲು ಕೂತೆ. ಆರು ವರ್ಷವಾಯಿತು. ಕೂದಲೆಳೆಯಂಥ ನೂಲು ತುಂಡಾದರೆ ಈಗಲೂ ನೀನೇ ಹುಡುಕಿ ಗಂಟು ಹಾಕುತ್ತೀ!

ಅವ್ವಾ, ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಅಳೆದು ಕಂಡ ಆ ಹೊಗೆಯ ಪರದೆಯನ್ನು ನೀನು ಮೊಳಕಾಲ್ಮೂರಿನ ಹಿತ್ತಲಲ್ಲಿ ನಿಂತೇ ಕಂಡಿದ್ದೆ. ಮಾರನೆಯ ಬೇಸಿಗೆಯಲ್ಲಿ, "ಬಿಸ್ಲಿಗೆ ಕಾವೇ ಇಲ್ಲ ಕಣೇ, ಏನೋ ಅಡ್ಡ ಐತೆ" ಎಂದೂ ಗೊಣಗಿದ್ದೆ. ನಾನು ನಕ್ಕಿದ್ದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು. ಮೇಷ್ಟ್ರು ಇನ್ನೊಂದೂ ಹೇಳಿದರು: ಹವೆ ಬಿಸಿಯಾಗಿ ಬೆಟ್ಟದ ಮೇಲಿನ ಹಿಮ ಕರಗಿದರೆ, ಭಾರ ತಗ್ಗಿ ಕೆಳಗಿನ ಬೆಂಕಿ ಏಳುವುದೂ ಉಂಟಂತೆ. ಬಾನಿಯ ಮುಚ್ಚಳದ ಮೇಲಿನ ಕಲ್ಲು ತೆಗೆದರೆ ಆವಿ ಏನು ಮಾಡುತ್ತದೆಂದು ನಿನಗೆ ಯಾರು ಕಲಿಸಬೇಕು? ನಮಗೆಲ್ಲ ಅದು ತಿಳಿಯಲು ಒಂದು ಗಂಟೆ ಹಿಡಿಯಿತು.

ಸಂಕ್ರಾಂತಿಗೆ ಬರುತ್ತೇನೆ. ಬಾನಿ ತೊಳೆದಿಡು. ನನಗೊಂದು ಸೀರೆ ಬೇಕು, ಸೆರಗಿಗೆ ಅದೇ ನೇರಳೆ. ಯತ್ತಪ್ಪನೇ ನೇಯಲಿ.

ನಿನ್ನ ಕಣ್ಣಿಗೆ ಕೈಮುಗಿಯುವ ಮಗಳು,
ಕಾಂಚನಾ

ವಿ.ಸೂ.: ಚಿಕ್ಕಕ್ಕಾ, ಇದನ್ನೂ ಗಟ್ಟಿಯಾಗಿಯೇ ಓದು. ಅವ್ವಾ, ಆ ಸಂಜೆ ನಿನ್ನ ಪಕ್ಕದಲ್ಲಿ ನಿಂತಿದ್ದ ನನಗೂ ನೇರಳೆ ಕಂಡಿತ್ತು. ಯಾಕೆ ಹಾಗಾಯಿತೆಂದು ಯತ್ತಪ್ಪ ಕೇಳಿದರೆ ಗೊತ್ತಿಲ್ಲ ಎನ್ನಬೇಕಲ್ಲ ಎಂದು ನಾಚಿ, ತಪ್ಪನ್ನು ನಿನ್ನ ಕಣ್ಣಿನ ಮೇಲೆ ಹಾಕಿದೆ.